ಬಳಸಿದ ಮಲ್ಟಿಟೂಲ್‌ ಸರಿಪಡಿಸಿ ಮಾರುವ ಕ್ರಮ: ಮೈಸೂರು ಸೀಮೆಯ ಹವ್ಯಾಸಿಗಳಿಗೆ

ಇಕ್ಕಳ, ಚಾಕು, ಸ್ಕ್ರೂಡ್ರೈವರ್, ಗರಗಸ, ಅರ, ಡಬ್ಬಿ ತೆರೆಯುವ ಕೊಕ್ಕೆ ಇವನ್ನೆಲ್ಲ ಒಂದೇ ಹಿಡಿಯೊಳಗೆ ಮಡಚಿಟ್ಟುಕೊಳ್ಳುವ ಮಲ್ಟಿಟೂಲ್ ಮೈಸೂರಿನ ಸೈಕಲ್ ಸವಾರರು, ಚಾರಣಿಗರು, ಪಕ್ಷಿವೀಕ್ಷಕರು ಮತ್ತು ಹಳೆಯ ಮೋಟಾರ್ ಸೈಕಲ್ ಪ್ರಿಯರ ಚೀಲಗಳಲ್ಲಿ ಈಗ ಸಾಮಾನ್ಯವಾಗಿ ಕಾಣಸಿಗುತ್ತದೆ. ಇಕ್ಕಳವನ್ನೇ ನಡುವಿಟ್ಟು ಉಳಿದದ್ದನ್ನು ಅದರ ಹಿಡಿಗಳಲ್ಲಿ ಅಡಗಿಸುವ ಈ ವಿನ್ಯಾಸವನ್ನು ಅಮೆರಿಕದ ಟಿಮ್ ಲೆದರ್‌ಮನ್ 1983ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಅದೇ ಮಾದರಿಯನ್ನು ಹಲವು ತಯಾರಕರು ಅನುಸರಿಸಿದರು. ಇಂದು ಗ್ಯಾಂಜೊ, ರಾಕ್ಸನ್, ನೆಕ್ಸ್‌ಟೂಲ್ ಮೊದಲಾದ ಚೀನೀ ತಯಾರಿಕೆಗಳು ಮಧ್ಯಮ ಬೆಲೆಗೆ ದೊರೆಯುತ್ತವೆ. ಹೆಸರೇ ಇಲ್ಲದವು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಉಡುಗೊರೆಯಾಗಿ ಬಂದು ಮೇಜಿನ ಖಾನೆಯಲ್ಲೇ ಉಳಿದವು, ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಮೂಲೆ ಸೇರಿದವು, ಮತ್ತೊಂದನ್ನು ಕೊಂಡ ಮೇಲೆ ಬೇಡವಾದವು ಮನೆಮನೆಯಲ್ಲೂ ಇವೆ. ಅವುಗಳಲ್ಲಿ ಹೆಚ್ಚಿನವನ್ನು ಒಂದು ಸಂಜೆಯ ಕೆಲಸದಲ್ಲಿ ಮತ್ತೆ ಬಳಕೆಗೆ ತರಬಹುದು.

ಕೊಳ್ಳುವವರಿಗೂ ಇಲ್ಲಿ ಕೊರತೆಯಿಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ನಡೆದ ಊರು ಇದು. ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಓಡಿಸುವವರಿಗೆ ದಾರಿಯಲ್ಲಿ ಪ್ಲಗ್ ತಂತಿ ಬಿಗಿಮಾಡಲು, ಕೇಬಲ್ಲಿನ ನಟ್ಟು ಹಿಡಿದುಕೊಳ್ಳಲು ಒಂದು ಇಕ್ಕಳ ಬೇಕೇ ಬೇಕು. ಪಾಂಡವಪುರದ ಕುಂತಿಬೆಟ್ಟಕ್ಕೆ ಹೋಗುವ ಚಾರಣಿಗರಿಗೂ ಕುಕ್ಕರಹಳ್ಳಿ ಕೆರೆಯ ಸುತ್ತ ಟ್ರೈಪಾಡ್ ಹೊತ್ತು ತಿರುಗುವವರಿಗೂ ಅಷ್ಟೆ. ಹೊಸದಕ್ಕೆ ಎರಡು ಸಾವಿರ ಕೊಡಲು ಮನಸ್ಸಿಲ್ಲದ ವಿದ್ಯಾರ್ಥಿಗೆ ಐನೂರು ರೂಪಾಯಿಯ ಒಳ್ಳೆಯ ಹಳೆಯ ಸಾಧನ ನಿಜವಾದ ಉಪಕಾರ. ಹೀಗೆ ಮಾರುವವರು ಮತ್ತು ಕೊಳ್ಳುವವರು ಒಂದೇ ಬಳಗದವರಾಗಿರುವುದರಿಂದ ಸಾಧನದ ಜೊತೆಗೆ ಅದರ ಸ್ಥಿತಿಯ ಬಗ್ಗೆ ನಾವಾಡುವ ಮಾತೂ ಕೈಬದಲಾಗುತ್ತದೆ. ಹೊಸದರಂತೆ ಹೊಳೆಯಿಸುವುದಕ್ಕಿಂತ ಕೆಲಸಕ್ಕೆ ಬರುವಂತೆ ಮಾಡುವುದು ಮುಖ್ಯ ಎಂಬ ನಿಲುವಿನಿಂದಲೇ ಮುಂದಿನ ಹೆಜ್ಜೆಗಳನ್ನು ವಿವರಿಸಿದ್ದೇನೆ.

ಯಾವುದನ್ನು ಕೈಗೆತ್ತಿಕೊಳ್ಳಬೇಕು

ಸರಿಪಡಿಸಲು ಯೋಗ್ಯವಾದದ್ದನ್ನು ಮೊದಲೇ ಗುರುತಿಸಿದರೆ ಶ್ರಮ ವ್ಯರ್ಥವಾಗುವುದಿಲ್ಲ. ಇಕ್ಕಳದ ಬಾಯಿಯನ್ನು ಮುಚ್ಚಿ ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು ನೋಡಿ. ಎರಡು ಮೊನೆಗಳು ಒಂದನ್ನೊಂದು ಮುಟ್ಟಬೇಕು. ಮೊನೆಯ ಹಿಂದೆ ಕೂದಲೆಳೆಯಷ್ಟು ಬೆಳಕು ಕಂಡರೆ ಅಡ್ಡಿಯಿಲ್ಲ. ಹಿಂಭಾಗ ಮೊದಲು ಕೂಡಿ ಮೊನೆಗಳು ದೂರವೇ ಉಳಿದರೆ ಅಂಥ ಇಕ್ಕಳ ತೆಳು ತಂತಿಯನ್ನು ಹಿಡಿಯಲಾರದು. ಅನಂತರ ಬಾಯಿಯ ಬುಡದಲ್ಲಿ, ಅಂದರೆ ಕೀಲಿನ ಸಮೀಪದಲ್ಲಿ, ಸೂಕ್ಷ್ಮ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಬಿರುಕು ಕಂಡ ಸಾಧನವನ್ನು ಎಷ್ಟೇ ಚೆನ್ನಾಗಿ ತೊಳೆದರೂ ಮಾರುವಂತಿಲ್ಲ, ಏಕೆಂದರೆ ಅದು ಮುರಿಯುವುದು ಕೊಂಡವರು ಬಲ ಹಾಕಿದ ಕ್ಷಣದಲ್ಲಿ.

ತಂತಿ ಕತ್ತರಿಸುವ ಭಾಗವನ್ನು ವಿಶೇಷವಾಗಿ ಗಮನಿಸಿ. ಬ್ರೇಕ್ ಮತ್ತು ಕ್ಲಚ್ ಕೇಬಲ್ಲಿನ ಒಳಗಿನ ಎಳೆಗಳು ಗಡಸು ಉಕ್ಕಿನವು. ಅಗ್ಗದ ಮಲ್ಟಿಟೂಲಿನಲ್ಲಿ ಅವನ್ನು ಕತ್ತರಿಸಲು ಹೋದರೆ ಕತ್ತರಿಯ ಬಾಯಿಯಲ್ಲೇ ಅರ್ಧಚಂದ್ರಾಕಾರದ ಕಚ್ಚು ಬೀಳುತ್ತದೆ. ಮೋಟಾರ್ ಸೈಕಲ್ ಇಟ್ಟುಕೊಂಡವರಿಂದ ಬಂದ ಸಾಧನಗಳಲ್ಲಿ ಈ ಗುರುತು ಸಾಮಾನ್ಯ. ಕಚ್ಚು ಚಿಕ್ಕದಿದ್ದು ತಾಮ್ರದ ತಂತಿಯನ್ನು ಇನ್ನೂ ಪೂರ್ತಿಯಾಗಿ ತುಂಡರಿಸುತ್ತಿದ್ದರೆ ಸಾಧನವನ್ನು ಇಟ್ಟುಕೊಳ್ಳಬಹುದು, ಆದರೆ ಆ ಕಚ್ಚನ್ನು ಅರದಿಂದ ಉಜ್ಜಿ ಮರೆಮಾಡಬಾರದು. ಉಜ್ಜಿದಷ್ಟೂ ಎರಡು ಅಂಚುಗಳ ನಡುವೆ ಸಂದು ಹೆಚ್ಚುತ್ತದೆಯೇ ಹೊರತು ಕತ್ತರಿಸುವ ಶಕ್ತಿ ಮರಳುವುದಿಲ್ಲ.

ಆಯಸ್ಕಾಂತ ಅಂಟಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಅಡುಗೆಮನೆಯ ಪಾತ್ರೆಗಳಿಂದ ಬಂದದ್ದು. ಒಳ್ಳೆಯ ಪಾತ್ರೆಗಳಿಗೆ ಬಳಸುವ 304 ದರ್ಜೆಯ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಆ ಉಕ್ಕನ್ನು ಕಾಯಿಸಿ ಹದಮಾಡಿ ಗಡಸುಗೊಳಿಸಲು ಬರುವುದಿಲ್ಲವಾದ್ದರಿಂದ ಅದು ಚಾಕುವಿನ ಅಲಗಿಗೆ ಹೊಂದುವುದಿಲ್ಲ. ಅಲಗುಗಳಿಗೆ ಬಳಸುವ 420, 440, 3ಸಿಆರ್13, 8ಸಿಆರ್13 ಮುಂತಾದ ಉಕ್ಕುಗಳೆಲ್ಲ ಆಯಸ್ಕಾಂತಕ್ಕೆ ಅಂಟುತ್ತವೆ, ಅವೂ ಸ್ಟೇನ್‌ಲೆಸ್ ಉಕ್ಕುಗಳೇ. ಕೊಳ್ಳಲು ಬಂದವರು ಕೀಲಿಗೊಂಚಲಿನ ಆಯಸ್ಕಾಂತವನ್ನು ತಾಗಿಸಿ ಅನುಮಾನಪಟ್ಟರೆ ಇದನ್ನು ಸಮಾಧಾನವಾಗಿ ತಿಳಿಸಿ.

ಸಾಧನ ಎಲ್ಲಿಂದ ಬಂತೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಪರಿಚಯದವರಿಂದ ಅಥವಾ ಲೆಕ್ಕವಿಟ್ಟು ವ್ಯಾಪಾರ ಮಾಡುವ ಗುಜರಿ ಅಂಗಡಿಯಿಂದ ಕೊಂಡರೆ ಕ್ಷೇಮ. ರಸ್ತೆಬದಿಯಲ್ಲಿ ಯಾರೋ ಅವಸರದಿಂದ ಮೂರನೇ ಒಂದು ಭಾಗದ ಬೆಲೆಗೆ ಕೊಡುತ್ತಿದ್ದರೆ ಬಿಟ್ಟುಬಿಡಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ. ಪ್ರಸಿದ್ಧ ಬ್ರ್ಯಾಂಡಿನ ಹೆಸರು ಕೆತ್ತಿದ ನಕಲಿಗಳ ವಿಷಯದಲ್ಲೂ ಎಚ್ಚರ ಬೇಕು. ಸ್ವಿಸ್ ಶಿಲುಬೆಯ ಗುರುತಿದ್ದ ಮಾತ್ರಕ್ಕೆ ಅದು ವಿಕ್ಟೋರಿನಾಕ್ಸ್ ಆಗುವುದಿಲ್ಲ. ಸುಳ್ಳು ಟ್ರೇಡ್‌ಮಾರ್ಕ್ ಇರುವ ಸರಕನ್ನು ಮಾರುವುದಕ್ಕೆ 1999ರ ಟ್ರೇಡ್‌ಮಾರ್ಕ್ಸ್ ಕಾಯ್ದೆಯಲ್ಲಿ ಶಿಕ್ಷೆಯಿದೆ. ನಕಲಿಯೆಂದು ತಿಳಿದ ಮೇಲೆ ಅದನ್ನು ಸ್ವಂತಕ್ಕೆ ಬಳಸಿಕೊಳ್ಳುವುದೇ ಸರಿಯಾದ ದಾರಿ.

ತೊಳೆಯುವುದು, ತುಕ್ಕು ತೆಗೆಯುವುದು

ನಮ್ಮ ಕಡೆಯ ಮಲ್ಟಿಟೂಲುಗಳ ಕೀಲಿನಲ್ಲಿ ಸಿಗುವ ಕೊಳೆಗೆ ತನ್ನದೇ ಲಕ್ಷಣವಿದೆ. ಆಯುಧಪೂಜೆಯ ದಿನ ಮನೆಯ ಎಲ್ಲ ಉಪಕರಣಗಳ ಜೊತೆ ಮಲ್ಟಿಟೂಲನ್ನೂ ಇಟ್ಟು ಅರಿಸಿನ, ಕುಂಕುಮ, ಗಂಧ ಹಚ್ಚುತ್ತೇವೆ. ಹೊರಮೈಯನ್ನು ಮರುದಿನ ಒರೆಸುತ್ತೇವಾದರೂ ತೇವದಲ್ಲಿ ಕಲಸಿದ ಕುಂಕುಮ ಹಿಡಿಯ ಸಂದುಗಳಿಗೆ ಇಳಿದು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ, ಮುಂದೆ ತೇವ ಬಂದಾಗಲೆಲ್ಲ ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೀಲನ್ನು ಬಿಚ್ಚಿದಾಗ ಕೆಂಪಾಗಿ ಕಾಣುವ ಪುಡಿಯಲ್ಲಿ ತುಕ್ಕೆಷ್ಟು ಕುಂಕುಮವೆಷ್ಟು ಎಂದು ಹೇಳಲಾಗದಂತಿರುತ್ತದೆ. ಮಂಡ್ಯ ಕಡೆಯಿಂದ ಬರುವ ಸಾಧನಗಳಲ್ಲಿ ಕಬ್ಬಿನ ಹಾಲು ಅಥವಾ ಬೆಲ್ಲದ ಪಾಕ ಅಂಟಿ ಅಲಗುಗಳು ತೆರೆಯದಂತಾಗಿರುವುದೂ ಉಂಟು. ಈ ಎರಡಕ್ಕೂ ಬಿಸಿನೀರೇ ಮೊದಲ ಮದ್ದು.

ಕೈಗೆ ದಪ್ಪ ಗವಸು ಹಾಕಿಕೊಂಡು ಎಲ್ಲ ಅಲಗುಗಳನ್ನೂ ತೆರೆದು, ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿಯ ಒಳಮೈಯನ್ನು ಉಜ್ಜಿ, ಹಲ್ಲುಕಡ್ಡಿಯಿಂದ ಸಂದುಗಳನ್ನು ಕೆದಕಬೇಕು. ಚಾಕುವಿನ ಬಾಯಿಗೆ ಮೊದಲೇ ಕಾಗದದ ಟೇಪ್ ಸುತ್ತಿದ್ದರೆ ಬೆರಳಿಗೆ ಅಪಾಯವಿರುವುದಿಲ್ಲ. ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್‌ನಿಂದ ಕೀಲುಗಳೊಳಗೆ ಬಿಸಿಗಾಳಿ ಹಾಯಿಸಬೇಕು. ಬೇಸಿಗೆಯಲ್ಲಾದರೆ ತಾರಸಿಯ ಬಿಸಿಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಿ ಬಿಸಿಲನ್ನೇ ನಂಬಿ ಬಿಟ್ಟರೆ ತೊಳೆದದ್ದರಿಂದಲೇ ತುಕ್ಕು ಬರುತ್ತದೆ.

ತುಕ್ಕಿನಲ್ಲಿ ಎರಡು ಬಗೆ. ಮೇಲ್ಮೈಯ ಕಂದು ಬಣ್ಣದ ಪೊರೆಯನ್ನು ನುಣುಪಾದ ಉಕ್ಕಿನ ನಾರು ಮತ್ತು ಎಣ್ಣೆಯಿಂದ ತೆಗೆಯಬಹುದು. ಕೀಲಿನೊಳಗೆ ಹೋದದ್ದಕ್ಕೆ ಬಿಳಿ ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ದ್ರಾವಣದಲ್ಲಿ ಅದ್ದಿ ಆಮ್ಲವನ್ನು ಶಮನಗೊಳಿಸಬೇಕು. ರಾತ್ರಿಯಿಡೀ ವಿನಿಗರ್‌ನಲ್ಲಿ ಬಿಟ್ಟರೆ ಉಕ್ಕಿನ ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಬಗೆ ತಗ್ಗು ತುಕ್ಕು. ಅದು ಉಕ್ಕನ್ನೇ ತಿಂದು ಚುಕ್ಕಿ ಚುಕ್ಕಿಯಾಗಿ ಗುಳಿ ಮಾಡಿರುತ್ತದೆ. ಗುಳಿಯೊಳಗಿನ ತುಕ್ಕನ್ನು ತೆಗೆಯಬಹುದು, ಗುಳಿಯನ್ನು ತುಂಬಲಾಗದು. ಅದನ್ನು ಚಿತ್ರದಲ್ಲಿ ತೋರಿಸಿ ಬೆಲೆ ಇಳಿಸುವುದೊಂದೇ ಉಪಾಯ.

ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗಿದ ಅಭ್ಯಾಸದಲ್ಲಿ ಮಲ್ಟಿಟೂಲಿಗೂ ಅದನ್ನೇ ಉಜ್ಜುವವರಿದ್ದಾರೆ. ಹುಣಸೆಯ ನಾರು ಮತ್ತು ಆಮ್ಲ ಎರಡೂ ಕೀಲಿನಲ್ಲಿ ಉಳಿದುಬಿಡುತ್ತವೆ, ಆದ್ದರಿಂದ ಬೇಡ. ಬ್ಲೀಚಿಂಗ್ ದ್ರವವನ್ನಂತೂ ಹತ್ತಿರ ತರಬಾರದು: ಸ್ಟೇನ್‌ಲೆಸ್ ಉಕ್ಕನ್ನು ಕಾಪಾಡುವ ಕ್ರೋಮಿಯಂ ಆಕ್ಸೈಡಿನ ತೆಳು ಪದರವನ್ನು ಅದರ ಕ್ಲೋರೈಡ್ ಒಡೆಯುತ್ತದೆ, ತಗ್ಗು ತುಕ್ಕಿಗೆ ಅದೇ ದಾರಿ ಮಾಡಿಕೊಡುತ್ತದೆ. ಹಿಡಿ ಬಣ್ಣದ ಅಲ್ಯೂಮಿನಿಯಂನದಾಗಿದ್ದರೆ ವಿನಿಗರ್ ಮತ್ತು ಸೋಡಾ ಎರಡೂ ಅದರ ಮೇಲ್ಪದರವನ್ನು ಕೆಡಿಸುತ್ತವೆ. ಅಂಥದ್ದಕ್ಕೆ ಸೋಪುನೀರು ಬಿಟ್ಟು ಬೇರೇನೂ ಬೇಕಿಲ್ಲ.

ಒಣಗಿದ ಮೇಲೆ ಪ್ರತಿ ಕೀಲಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ತೊಟ್ಟು. ಹೆಚ್ಚಾದ ಎಣ್ಣೆ ದೂಳನ್ನು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮೊದಲಾದವು ಕಾಲಕ್ರಮದಲ್ಲಿ ಗಾಳಿಗೆ ಜಿಗುಟಾಗುತ್ತವೆ. ಡಬ್ಲ್ಯುಡಿ-40 ಸಿಕ್ಕಿಕೊಂಡ ಕೀಲನ್ನು ಬಿಡಿಸಲು ಒಳ್ಳೆಯದು, ಬಹುಕಾಲ ಉಳಿಯುವ ಎಣ್ಣೆಯಾಗಿ ಅದನ್ನು ನಂಬಬಾರದು. ಚಾರಣದಲ್ಲಿ ಹಣ್ಣು ತರಕಾರಿ ಹೆಚ್ಚಲೂ ಬಳಸುವವರಿಗೆ ಮಾರುವುದಾದರೆ ಔಷಧದಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಬಳಸಿ. ಅದು ಅಲ್ಪಸ್ವಲ್ಪ ಹೊಟ್ಟೆಗೆ ಹೋದರೂ ಭಯವಿಲ್ಲ.

ಕೀಲು, ಸ್ಕ್ರೂ, ಲಾಕ್

ಬಿಚ್ಚುವ ಮೊದಲು ಕೀಲು ಸ್ಕ್ರೂವಿನದೋ ರಿವೆಟ್ಟಿನದೋ (ತಲೆಯನ್ನು ಬಡಿದು ಹರಡಿಸಿ ಕೂರಿಸಿದ ಮೊಳೆಯದೋ) ನೋಡಿ. ನಕ್ಷತ್ರಾಕಾರದ ತಲೆಯಿದ್ದರೆ ಅದು ಟಾರ್ಕ್ಸ್ ಸ್ಕ್ರೂ. ಟಿ6, ಟಿ8, ಟಿ10 ಅಳತೆಯ ಬಿಟ್‌ಗಳಲ್ಲಿ ಒಂದು ಸಾಮಾನ್ಯವಾಗಿ ಹೊಂದುತ್ತದೆ. ಹೊಂದದ ಬಿಟ್ಟನ್ನು ಒತ್ತಾಯದಿಂದ ತಿರುಗಿಸಿದರೆ ತಲೆ ಸವೆದುಹೋಗಿ ಸಾಧನವೇ ನಿರುಪಯೋಗಿಯಾಗುತ್ತದೆ. ಸ್ಕ್ರೂ ಅಲುಗದಿದ್ದರೆ ತಯಾರಕರು ಹಾಕಿದ ಅಂಟು ಹಿಡಿದಿರಬಹುದು. ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಸ್ಕ್ರೂವಿನ ತಲೆಗೆ ಅರ್ಧ ನಿಮಿಷ ತಾಗಿಸಿ ಬಿಸಿಮಾಡಿದರೆ ಅದು ಸಡಿಲವಾಗುತ್ತದೆ.

ಅಂಚುಳ್ಳ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚುವುದು ಒಳ್ಳೆಯ ಅಭ್ಯಾಸ. ತೆಳು ವಾಷರ್‌ಗಳು ಎಣ್ಣೆಯಲ್ಲಿ ಅಲಗಿಗೆ ಅಂಟಿಕೊಂಡೇ ಬರುತ್ತವೆ, ಅರಿವಿಲ್ಲದೆ ಉರುಳಿಹೋಗುತ್ತವೆ. ಪ್ರತಿ ಭಾಗ ತೆಗೆದ ಮೇಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಮರಳಿ ಜೋಡಿಸುವಾಗ ಯಾವ ವಾಷರ್ ಯಾವ ಅಲಗಿನ ಎಡಕ್ಕಿತ್ತು ಎಂಬುದಕ್ಕೆ ಆ ಚಿತ್ರಗಳೇ ಆಧಾರ. ಮರಳಿ ಬಿಗಿಮಾಡುವಾಗ ಸ್ಕ್ರೂವಿನ ಎಳೆಗೆ ಹಲ್ಲುಕಡ್ಡಿಯ ತುದಿಯಷ್ಟು ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು, ಹಚ್ಚಬೇಕು. ಲಾಕ್ಟೈಟ್ 243 ಈ ವರ್ಗದ್ದು. ಕೆಂಪು ಬಣ್ಣದ್ದು ಶಾಶ್ವತ ಜೋಡಣೆಗೆ ಮೀಸಲು, ಮುಂದೊಮ್ಮೆ ಕೊಂಡವರೇ ಬಿಚ್ಚಲು ಬಯಸಿದರೆ ಅವರಿಗೆ ಸಾಧ್ಯವಾಗುವುದಿಲ್ಲ. ಬಿಗಿ ಎಷ್ಟಿರಬೇಕೆಂದರೆ, ಅಲಗು ಪಕ್ಕಕ್ಕೆ ಆಡಬಾರದು, ಆದರೆ ಉಗುರಿನಿಂದ ಎಳೆದರೆ ತೆರೆದುಕೊಳ್ಳಬೇಕು. ಕಾಲು ಸುತ್ತು ಹೆಚ್ಚು ಕಡಿಮೆ ಮಾಡುತ್ತಾ ಈ ಹದಕ್ಕೆ ತರಬೇಕು, ಅವಸರಪಟ್ಟರೆ ಬರುವುದಿಲ್ಲ.

ರಿವೆಟ್ ಇರುವುದನ್ನು ಬಿಚ್ಚಲು ಹೋಗಬೇಡಿ. ಸಡಿಲವಾಗಿದ್ದರೆ ರಿವೆಟ್ಟಿನ ಒಂದು ತಲೆಯನ್ನು ಗಟ್ಟಿ ಉಕ್ಕಿನ ಮೇಲಿಟ್ಟು ಇನ್ನೊಂದು ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಒಂದೇ ಪೆಟ್ಟು ಕೊಟ್ಟು, ಅಲಗು ಆಡಿಸಿ ನೋಡಿ, ಬೇಕಿದ್ದರೆ ಮತ್ತೊಂದು ಪೆಟ್ಟು.

ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಚಾಕುವಿನ ಲಾಕ್ ಎಲ್ಲಕ್ಕಿಂತ ಗಂಭೀರವಾದ ವಿಷಯ. ಅಲಗನ್ನು ತೆರೆದು ಲಾಕ್ ಕೂತ ಮೇಲೆ ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ ನೋಡಬೇಕು. ಲಾಕ್ ಜಾರಿದರೆ ಅಲಗು ಮಡಚಿಕೊಳ್ಳುವ ದಾರಿಯಲ್ಲಿ ಬೆರಳುಗಳಿರದಂತೆ ಹಿಡಿಯನ್ನು ಹಿಂದಿನಿಂದ ಹಿಡಿದಿರಬೇಕು. ಕೊಳೆ ತುಂಬಿ ಜಾರುತ್ತಿದ್ದರೆ ತೊಳೆದ ಮೇಲೆ ಸರಿಹೋಗುತ್ತದೆ. ಲಾಕಿನ ಪಟ್ಟಿ ಸವೆದೇ ಜಾರುತ್ತಿದ್ದರೆ ಅಲಗನ್ನು ತೆಗೆದು ಅದರ ಜಾಗಕ್ಕೆ ವಾಷರ್ ತುಂಬಿ, "ಚಾಕು ಇಲ್ಲ" ಎಂದು ಸ್ಪಷ್ಟವಾಗಿ ಬರೆದು ಮಾರಬಹುದು. ಜಾರುವ ಲಾಕ್ ಇರುವ ಚಾಕುವನ್ನು ಎಚ್ಚರಿಕೆಯ ಮಾತಿನೊಡನೆ ಮಾರುವುದನ್ನೂ ನಾನು ಒಪ್ಪುವುದಿಲ್ಲ. ಆ ಮಾತು ಮೊದಲ ಕೊಳ್ಳುಗನಿಗೆ ತಲುಪುತ್ತದೆ, ಅವನ ತಮ್ಮನಿಗೋ ಮಗಳಿಗೋ ತಲುಪುವುದಿಲ್ಲ.

ಸಾಣೆ

ಅಗ್ಗದ ಅಲಗಿನ ಉಕ್ಕು ಮೃದು. ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಆದ್ದರಿಂದ ಹೊಸದಾಗಿ ಸಾಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ (ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ) ಇರುವ ಸಾಣೆಕಲ್ಲೊಂದು ಸಾಕು. ಅಲಗಿಗೂ ಕಲ್ಲಿಗೂ ನಡುವಿನ ಕೋನ ಸುಮಾರು 20 ಡಿಗ್ರಿ ಇರಲಿ. ಕೋನವನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟವೆನಿಸಿದರೆ ಹೀಗೆ ಲೆಕ್ಕ ಹಾಕಿ: ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಬೆನ್ನನ್ನು ಎತ್ತಿದರೆ ಅದು 20 ಡಿಗ್ರಿಗೆ ತೀರ ಹತ್ತಿರ. 15 ಮಿಲಿಮೀಟರ್ ಅಗಲದ ಅಲಗಿಗೆ 5 ಮಿಲಿಮೀಟರ್ ಎತ್ತರ.

ಅಲಗಿನ ಅಂಚಿಗೆ ಕಪ್ಪು ಮಾರ್ಕರ್ ಬಳಿದು ಕಲ್ಲಿನ ಮೇಲೆ ಎರಡು ಬಾರಿ ಎಳೆದು ನೋಡಿ. ಮಸಿ ಅಂಚಿನ ತುದಿಯಲ್ಲಿ ಅಳಿಸಿದ್ದರೆ ಕೋನ ಸರಿ. ಮೇಲ್ಭಾಗದಲ್ಲಷ್ಟೇ ಅಳಿಸಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಒಂದು ಮೈಯನ್ನು ಮಾಡುತ್ತಾ ಹೋದಂತೆ ಇನ್ನೊಂದು ಮೈಯಲ್ಲಿ ಬೆರಳಿಗೆ ತಾಗುವಂಥ ಸಣ್ಣ ಮಡಿಕೆ ಏಳುತ್ತದೆ. ಅದು ಬುಡದಿಂದ ಮೊನೆಯವರೆಗೂ ಎದ್ದ ಮೇಲೆಯೇ ಅಲಗನ್ನು ತಿರುಗಿಸಬೇಕು. ಎರಡೂ ಮೈ ಮುಗಿದ ಮೇಲೆ 1000 ಗ್ರಿಟ್ಟಿನಲ್ಲಿ ಹಗುರವಾಗಿ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಮೈಯಲ್ಲಿ ಅಲಗನ್ನು ಹಿಮ್ಮುಖವಾಗಿ ಎಳೆದು ಮಡಿಕೆಯನ್ನು ಕಳೆಯಬೇಕು. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದಾಗ ಹರಿಯದೆ ನೇರವಾಗಿ ಕತ್ತರಿಸಿದರೆ ಸಾಕು, ಅದಕ್ಕಿಂತ ಹೆಚ್ಚಿನ ಹರಿತ ಈ ಉಕ್ಕಿನಲ್ಲಿ ನಿಲ್ಲುವುದಿಲ್ಲ.

ವಿದ್ಯುತ್ ಗ್ರೈಂಡರ್‌ಗೆ ಕೊಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಮಲ್ಟಿಟೂಲಿನ ಅಲಗು ಚಿಕ್ಕದು, ತೆಳುವಾದದ್ದು. ಚಕ್ರದ ಮೇಲೆ ಕ್ಷಣದಲ್ಲಿ ಕಾದು ಅಂಚಿನ ಬಣ್ಣ ತಿರುಗುತ್ತದೆ. ಬಣ್ಣ ತಿರುಗಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ, ಆಮೇಲೆ ಎಷ್ಟು ಸಾಣೆ ಹಿಡಿದರೂ ಹರಿತ ಉಳಿಯದು. ಚಪ್ಪಟೆ ಸ್ಕ್ರೂಡ್ರೈವರಿನ ತುದಿ ದುಂಡಾಗಿದ್ದರೆ ಅರದಿಂದ ನೇರಮಾಡಬಹುದು. ನಾಲ್ಕು ರೆಕ್ಕೆಯ ಫಿಲಿಪ್ಸ್ ತುದಿ ಸವೆದಿದ್ದರೆ ಅದಕ್ಕೆ ಉಪಾಯವಿಲ್ಲ, ದೋಷವೆಂದು ಬರೆಯಿರಿ.

ಕಾನೂನಿನ ಮಾತು

ಆಯುಧ ಕಾಯ್ದೆ 1959 ಮತ್ತು ಅದರಡಿಯ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನು, ಅವು ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ಮಾಡಿದವಲ್ಲದಿದ್ದರೆ, ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮಲ್ಟಿಟೂಲಿನ ಅಲಗು ಸಾಮಾನ್ಯವಾಗಿ 3 ಇಂಚಿನ ಒಳಗೇ ಇರುತ್ತದೆ. ಹಾಗೆಂದು ನಿಷೇಧಾಜ್ಞೆ ಜಾರಿಯಲ್ಲಿರುವಾಗ, ಜನಸಂದಣಿಯ ಭದ್ರತಾ ತಪಾಸಣೆಯಿರುವ ಕಡೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ವಿವೇಕವಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲಿಡಬೇಕು. ಕೊಳ್ಳುವವರಿಗೆ ಇದನ್ನು ಒಂದು ಸಾಲಿನಲ್ಲಿ ತಿಳಿಸಿ. ಶಾಲಾ ವಯಸ್ಸಿನವರು ಕೇಳಿದರೆ ತಂದೆ ತಾಯಿಯ ಎದುರಿನಲ್ಲೇ ಕೊಡಿ. ಮನೆಯಲ್ಲಿದ್ದದ್ದನ್ನು ಆಗೊಮ್ಮೆ ಈಗೊಮ್ಮೆ ಮಾರುವುದು ಬೇರೆ, ಲಾಭಕ್ಕಾಗಿ ಕೊಂಡು ಮಾರುತ್ತಲೇ ಹೋಗುವುದು ಬೇರೆ. ಎರಡನೆಯದಕ್ಕೆ ಇಳಿಯುವ ಮುನ್ನ, ಅದರಲ್ಲೂ ಹೊರರಾಜ್ಯಕ್ಕೆ ಕಳುಹಿಸುವುದಾದರೆ, ಜಿಎಸ್‌ಟಿ ನೋಂದಣಿಯ ಬಗ್ಗೆ ತೆರಿಗೆ ಸಲಹೆಗಾರರನ್ನು ಕೇಳಬೇಕು.

ಬೆಲೆ ಕಟ್ಟುವುದು

ನೀವು ಹಿಂದೆ ಕೊಟ್ಟ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ಅದೇ ಮಾದರಿ ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದರಿಂದ ಆರಂಭಿಸಬೇಕು. ಎಲ್ಲ ಭಾಗಗಳೂ ಸರಿಯಾಗಿದ್ದು ಚೀಲವೂ ಜೊತೆಗಿದ್ದರೆ ಹೊಸ ಬೆಲೆಯ ಅರ್ಧ ನ್ಯಾಯವೆಂದು ನನ್ನ ಅಭಿಪ್ರಾಯ. ಕೊಳ್ಳುವವರಿಗೆ ಹೊಸದರಲ್ಲಿ ಹಿಂದಿರುಗಿಸುವ ಅವಕಾಶವಿದೆ, ಹಳೆಯದರಲ್ಲಿ ನಮ್ಮ ಮಾತಷ್ಟೇ ಇದೆ. ಆದ್ದರಿಂದ ಮುಕ್ಕಾಲು ಬೆಲೆ ಕೇಳುವುದು ಸಲ್ಲದು. ಉದಾಹರಣೆಗೆ, ಹೊಸದು 1,200 ರೂಪಾಯಿಯಿದ್ದರೆ 600ರಿಂದ ಆರಂಭಿಸಿ, ಚೀಲ ಇಲ್ಲದ್ದಕ್ಕೆ 80, ತಂತಿ ಕತ್ತರಿಯ ಕಚ್ಚಿಗೆ 70 ಕಳೆದು 450ಕ್ಕೆ ಇಡಬಹುದು. ಹೊಸ ಬೆಲೆಯೇ 500 ರೂಪಾಯಿಯ ಆಸುಪಾಸಿನಲ್ಲಿದ್ದರೆ ಅದನ್ನು ಬಿಡಿಯಾಗಿ ಮಾರುವ ಶ್ರಮ ಬೇಡ. ಬಳಗದಲ್ಲಿ ಹೊಸಬರಿಗೆ ಸುಮ್ಮನೆ ಕೊಡಿ, ಇಲ್ಲವೇ ದೊಡ್ಡದೊಂದರ ಜೊತೆ ಸೇರಿಸಿ.

ದುಡಿದ ಗಂಟೆಗಳಿಗೆ ಕೂಲಿ ಸೇರಿಸಲು ಹೋದರೆ ಯಾವ ಅಗ್ಗದ ಮಲ್ಟಿಟೂಲೂ ಮಾರಾಟವಾಗುವುದಿಲ್ಲ. ಸಾಣೆಕಲ್ಲು, ಎಣ್ಣೆ, ಥ್ರೆಡ್ ಲಾಕರ್‌ಗಳ ಖರ್ಚು ಹೊರಟರೆ ಹವ್ಯಾಸಕ್ಕೆ ಅದು ಸಾಕು. ಲೆದರ್‌ಮನ್ ತನ್ನ ಸಾಧನಗಳಿಗೆ 25 ವರ್ಷಗಳ ವಾರಂಟಿ ಕೊಡುತ್ತದೆ. ಅಂಥ ಬ್ರ್ಯಾಂಡಿನ ಅಸಲಿ ಸಾಧನ ನಿಮ್ಮ ಕೈಗೆ ಬಂದರೆ ಅದರಲ್ಲಿ ಬದಲಾವಣೆ ಮಾಡಲು ಹೋಗದೆ, ತೊಳೆದು ಎಣ್ಣೆ ಹಾಕಿ ನಿಲ್ಲಿಸುವುದು ಒಳ್ಳೆಯದು.

ವಿವರಣೆ ಬರೆಯುವುದು

ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ, ಬಿಳಿ ಹಾಳೆಯ ಮೇಲೆ ಅಳತೆಪಟ್ಟಿಯೊಡನೆ ಚಿತ್ರ ತೆಗೆಯಿರಿ. ಮುಚ್ಚಿದ್ದು ಒಂದು, ಎಲ್ಲ ಅಲಗುಗಳನ್ನು ಬೀಸಣಿಗೆಯಂತೆ ತೆರೆದದ್ದು ಒಂದು, ಇಕ್ಕಳದ ಬಾಯಿ ಹತ್ತಿರದಿಂದ ಒಂದು, ಆಮೇಲೆ ಪ್ರತಿ ದೋಷಕ್ಕೂ ಒಂದೊಂದು. ದೋಷದ ಚಿತ್ರವನ್ನು ಕೊನೆಗೆ ತಳ್ಳದೆ ಎರಡನೆಯದಾಗಿ ಹಾಕಿದರೆ ಅನಗತ್ಯ ವಿಚಾರಣೆಗಳು ಕಡಿಮೆಯಾಗುತ್ತವೆ, ಬರುವವರು ಕೊಳ್ಳುವ ಮನಸ್ಸಿನಿಂದಲೇ ಬರುತ್ತಾರೆ.

ವಾಟ್ಸ್ಆ್ಯಪ್ ಬಳಗಗಳಿಗೆ ಹೊಂದುವ ಒಂದು ಮಾದರಿ ಹೀಗಿರಬಹುದು:

"ಹೆಸರಿಲ್ಲದ ಚೀನೀ ತಯಾರಿಕೆ. ಉಕ್ಕಿನ ಹಿಡಿ, ಮುಚ್ಚಿದಾಗ ಉದ್ದ 10 ಸೆಂ.ಮೀ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದೇನೆ, ಚಾಕುವಿಗೆ ಸಾಣೆ ಹಿಡಿದಿದ್ದೇನೆ. ಇಕ್ಕಳದ ಮೊನೆಗಳು ಸರಿಯಾಗಿ ಕೂಡುತ್ತವೆ. ಚಾಕುವಿನ ಲಾಕ್ ಗಟ್ಟಿಯಾಗಿದೆ. ತಂತಿ ಕತ್ತರಿಯಲ್ಲಿ ಒಂದು ಕಚ್ಚಿದೆ: ತಾಮ್ರದ ತಂತಿ ಕತ್ತರಿಸುತ್ತದೆ, ಕ್ಲಚ್ ಕೇಬಲ್ ಕತ್ತರಿಸುವುದಿಲ್ಲ. ಫಿಲಿಪ್ಸ್ ತುದಿ ಸ್ವಲ್ಪ ಸವೆದಿದೆ. ಗರಗಸದ ಬುಡದಲ್ಲಿ ಎರಡು ತುಕ್ಕಿನ ಗುಳಿಗಳಿವೆ. ಹಿಡಿಗೆ ವಿದ್ಯುತ್ ನಿರೋಧಕ ಹೊದಿಕೆಯಿಲ್ಲ. ಚೀಲ ಇಲ್ಲ. 450 ರೂಪಾಯಿ."

ವಿದ್ಯುತ್ತಿನ ಆ ಸಾಲನ್ನು ಎಂದಿಗೂ ಬಿಡಬೇಡಿ. ಮಲ್ಟಿಟೂಲಿನ ಹಿಡಿ ಬರಿಯ ಲೋಹ, ಮನೆಯ ತಂತಿಯಲ್ಲಿ ಹರಿಯುವುದು 230 ವೋಲ್ಟ್. "ಒಳ್ಳೆಯ ಸ್ಥಿತಿ", "ಸೂಪರ್ ಕಂಡೀಷನ್" ಎಂಬ ಮಾತುಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಏನನ್ನು ಕತ್ತರಿಸುತ್ತದೆ, ಏನನ್ನು ಕತ್ತರಿಸುವುದಿಲ್ಲ ಎಂದು ಬರೆದರೆ ತಿಳಿಯುತ್ತದೆ. ಮೊದಲು ಕೇಳಿದವರಿಗೆ ಮೊದಲ ಅವಕಾಶ ಕೊಟ್ಟು, ಅವರು ಒಂದು ದಿನದೊಳಗೆ ಖಚಿತಪಡಿಸದಿದ್ದರೆ ಮುಂದಿನವರಿಗೆ ಹೋಗುವುದೆಂದು ಅದೇ ಸಂದೇಶದಲ್ಲಿ ತಿಳಿಸಿ. ನಡುವೆ ಯಾರೋ ಐವತ್ತು ಹೆಚ್ಚು ಕೊಡುತ್ತೇನೆಂದರೂ ಮಾತು ಬದಲಿಸಬಾರದು. ದಸರೆಗೆ ಮೊದಲಿನ ವಾರಗಳಲ್ಲಿ ಎಲ್ಲರೂ ಉಪಕರಣಗಳನ್ನು ಹೊರತೆಗೆದು ನೋಡಿಕೊಳ್ಳುವುದರಿಂದ, ಕೊಳ್ಳುವ ವಿಚಾರವೂ ಆಗಲೇ ಮನಸ್ಸಿಗೆ ಬರುತ್ತದೆ.

ಕೈಬದಲು

ಊರಿನೊಳಗಿನವರಿಗಾದರೆ ಮುಖತಃ ಕೊಡುವುದೇ ಮೇಲು. ಜನರ ಓಡಾಟವಿರುವ ಹೋಟೆಲೊಂದರ ಮೇಜಿನಲ್ಲಿ ಕೂತು ಮಾತನಾಡಬಹುದು. ಮಂಡ್ಯದವರಾದರೆ ಮೈಸೂರಿಗೆ ಬರುವ ದಿನ ರೈಲು ನಿಲ್ದಾಣದ ಹೊರಗೆ ಭೇಟಿಯಾಗಬಹುದು. ರಟ್ಟಿನ ಒಂದು ಚೂರು, ಒಂದು ಗೇಣು ತಾಮ್ರದ ತಂತಿ, ಒಂದೆರಡು ಸ್ಕ್ರೂಗಳಿರುವ ಮರದ ತುಂಡು ಜೊತೆಗೆ ಒಯ್ದರೆ ಅವರು ಎಲ್ಲವನ್ನೂ ಅಲ್ಲೇ ಪರೀಕ್ಷಿಸುತ್ತಾರೆ. ಸಾಧನವನ್ನು ಮುಚ್ಚಿದ ಸ್ಥಿತಿಯಲ್ಲೇ ಕೈಗೆ ಕೊಡಿ. ಯಾವ ಅಲಗು ಹೇಗೆ ತೆರೆಯುತ್ತದೆ, ಲಾಕ್ ಬಿಡಿಸುವಾಗ ಹೆಬ್ಬೆರಳು ಎಲ್ಲಿರಬೇಕು ಎಂಬುದನ್ನು ಒಮ್ಮೆ ನಿಧಾನವಾಗಿ ತೋರಿಸಿ. ಅನುಭವಿಗಳಿಗೂ ತೋರಿಸಿ, ಒಂದೊಂದು ತಯಾರಿಕೆಯ ಲಾಕ್ ಒಂದೊಂದು ರೀತಿಯಿರುತ್ತದೆ.

ಹಣ ಯುಪಿಐಯಲ್ಲಿ ಬರುವುದಾದರೆ ಒಂದು ವಿಷಯ ನೆನಪಿರಲಿ: ಹಣ ಪಡೆಯುವವರು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. "ಸ್ಕ್ಯಾನ್ ಮಾಡಿ, ನಿಮ್ಮ ಖಾತೆಗೆ ಹಣ ಬರುತ್ತದೆ" ಎನ್ನುವವರು ವಂಚಕರು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ದಾಖಲಿಸಬೇಕು.

ಅಂಚೆಯಲ್ಲಿ ಕಳುಹಿಸುವುದಾದರೆ ಹರಿತ ಸಾಧನಕ್ಕೆ ಸರಿಯಾದ ಹೊದಿಕೆ ಬೇಕೆಂಬುದು ಅಂಚೆ ಇಲಾಖೆಯ ಬಹುಕಾಲದ ನಿಯಮ. ಸಾಧನ ದಾರಿಯಲ್ಲಿ ತೆರೆದುಕೊಳ್ಳದಂತೆ ಹಿಡಿಗಳಿಗೆ ಕಾಗದದ ಟೇಪ್ ಸುತ್ತಿ, ದಪ್ಪ ರಟ್ಟಿನ ನಡುವೆ ಇಟ್ಟು, ಸಿಲಿಕಾ ಜೆಲ್‌ನ ಪೊಟ್ಟಣವೊಂದನ್ನು ಸೇರಿಸಿ, ಡಬ್ಬಿಯಲ್ಲಿ ಅಲುಗಾಡದಂತೆ ತುಂಬಬೇಕು. ರಬ್ಬರ್ ಬ್ಯಾಂಡ್ ಬೇಡ. ಬಿಸಿಗೆ ಕರಗಿ ಲೋಹಕ್ಕೆ ಅಂಟಿಕೊಂಡು ಕಲೆ ಮಾಡುತ್ತದೆ.

ಮಾರಿದ ಮೇಲೆ

ಒಂದು ವಾರದೊಳಗೆ ಬೇಡವೆಂದರೆ ಹಣ ಹಿಂದಿರುಗಿಸುವುದಾಗಿ ಮೊದಲೇ ಹೇಳಿಬಿಡಿ. ವಿವರಣೆ ಸರಿಯಾಗಿದ್ದರೆ ಹಿಂದಕ್ಕೆ ಬರುವುದು ವಿರಳ. ಬಂದರೆ, ನಮ್ಮ ಪರೀಕ್ಷೆಯಲ್ಲಿ ಏನು ತಪ್ಪಿಹೋಗಿತ್ತೆಂದು ತಿಳಿಯುತ್ತದೆ. ಯಾವ ಸಾಧನ, ಯಾರಿಂದ ಬಂತು, ಏನು ಮಾಡಿದೆವು, ಯಾರಿಗೆ ಹೋಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳ ನಂತರ ಕೊಂಡವರು ಕೀಲು ಸಡಿಲವಾಯಿತೆಂದು ಕರೆದರೆ ಯಾವ ಅಳತೆಯ ಬಿಟ್ ತರಲು ಹೇಳಬೇಕೆಂಬುದು ಅದರಲ್ಲಿರುತ್ತದೆ.

ಮಾರಲಾಗದವುಗಳನ್ನು ಬಿಚ್ಚಿ ಸ್ಕ್ರೂ, ವಾಷರ್, ಸ್ಪ್ರಿಂಗ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ. ಅಗ್ಗದ ಸಾಧನಗಳಿಗೆ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಮುಂದಿನ ದುರಸ್ತಿಗೆ ಇವೇ ಆಧಾರ. ಉಳಿದ ಅಲಗುಗಳನ್ನು ಗುಜರಿಗೆ ಹಾಕುವ ಮುನ್ನ ಅಂಚನ್ನು ಕಲ್ಲಿಗೆ ಅಡ್ಡಲಾಗಿ ಉಜ್ಜಿ ಮೊಂಡುಮಾಡಿ, ರಟ್ಟಿನಲ್ಲಿ ಸುತ್ತಿ, ದಪ್ಪ ಟೇಪ್ ಹಾಕಿ, ಮೇಲೆ "ಚಾಕು" ಎಂದು ಬರೆಯಿರಿ. ಗುಜರಿಯನ್ನು ವಿಂಗಡಿಸುವವರು ಹೆಚ್ಚಾಗಿ ಬರಿಗೈಯಲ್ಲೇ ಕೆಲಸ ಮಾಡುತ್ತಾರೆ.